ಅಸ್ಪೃಶ್ಯತೆಯ ಚರಿತ್ರೆಯ ಬೋಧನೆ: ಹರಿಹರ-ದಾವಣಗೆರೆಯ ನೆಲೆಯಿಂದ

ಹರಿಹರಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಉಪಾಧ್ಯಾಯರು 1224ರಲ್ಲಿ ಪೋಲಾಳ್ವ ದಂಡನಾಥನು ಕಟ್ಟಿಸಿದ ಹರಿಹರೇಶ್ವರ ದೇವಾಲಯವನ್ನು ತೋರಿಸಿ, ಶಾಸನಗಳನ್ನು ಓದಿಸಿ ಹಿಂದಿರುಗುವುದು ವಾಡಿಕೆ. ಅದೇ ಊರಿನಲ್ಲಿ 1938ರಲ್ಲಿ ಜನಿಸಿದ ಪ್ರೊ. ಬಿ. ಕೃಷ್ಣಪ್ಪನವರ ಸಮಾಧಿಯು ಸಮೀಪದ ಹನಗವಾಡಿಯ ಬಳಿ ಇರುವುದನ್ನು ನಾವೂ ಬಹುಕಾಲ ತೋರಿಸಲಿಲ್ಲ. ಮಾರ್ಟಿನ್ ಲೂಥರ್ ಕಿಂಗರ ಹೆಸರನ್ನು ಥಟ್ಟನೆ ಹೇಳುವ ದಾವಣಗೆರೆಯ ವಿದ್ಯಾರ್ಥಿಗೆ ಕೃಷ್ಣಪ್ಪನವರ ಹೆಸರು ತಿಳಿಯದಿದ್ದರೆ ಅದು ಅವನ ದೋಷವಲ್ಲ.

ಅಮೆರಿಕದ ದೃಷ್ಟಾಂತವು ನಿರುಪಯುಕ್ತವೆಂದಲ್ಲ. ಅಲ್ಲಿ ಪ್ರತ್ಯೇಕತೆಗೆ ಕಾನೂನಿನ ಬೆಂಬಲವೇ ಇದ್ದಿತು. 1896ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿದು, 1954ರಲ್ಲಿ ಶಾಲೆಗಳ ಮಟ್ಟಿಗೆ ತಳ್ಳಿಹಾಕಿತು. ಇಲ್ಲಿಯಾದರೋ 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿದರೂ ಊರು-ಕೇರಿಗಳ ನಡುವಣ ಗೆರೆ ಉಳಿಯಿತು. ಯಾವ ಕಾಯಿದೆಯ ಪುಸ್ತಕದಲ್ಲಿಯೂ ಕಾಣದ ಈ ಗೆರೆಯನ್ನು ತೋರಿಸುವ ಬಗೆ ಹೇಗೆ?

ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ನಕ್ಷೆಯನ್ನು ಬರೆದು, ಬಾವಿ, ಗುಡಿ, ಚಹದ ಅಂಗಡಿ, ಸ್ಮಶಾನಗಳನ್ನು ಗುರುತಿಸಬೇಕೆಂದು ಒಮ್ಮೆ ಸೂಚಿಸಿದೆವು. ಒಂದೇ ಊರಿನ ಇಬ್ಬರ ನಕ್ಷೆಗಳು ಬಂದವು. ಒಂದರಲ್ಲಿ ಕೇರಿಯೇ ಇರಲಿಲ್ಲ. ಬರೆದವನು ಸುಳ್ಳು ಹೇಳಿರಲಿಲ್ಲ, ಅತ್ತ ಕಾಲಿಟ್ಟಿರಲಿಲ್ಲ, ಅಷ್ಟೆ. ಇಷ್ಟಕ್ಕೇ ನಿಲ್ಲಿಸದೆ, ಕೇರಿಯ ಹುಡುಗನನ್ನು ಎಬ್ಬಿಸಿ ವಿವರಿಸೆಂದೆವು. ಅವನು ಎರಡು ದಿನ ತರಗತಿಗೆ ಬರಲಿಲ್ಲ. ವಿದ್ಯಾರ್ಥಿಯನ್ನು ಸಾಕ್ಷಿಯ ಕಟ್ಟೆಗೆ ಹತ್ತಿಸುವುದು ಬೋಧನೆಯಲ್ಲವೆಂದು ನಾವು ಕಲಿತುದು ಹೀಗೆ.

ಅಲ್ಲಿಂದೀಚೆಗೆ ದಾಖಲೆಗಳನ್ನೇ ಮುಂದಿಡುತ್ತೇವೆ. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು ಕುರಿತು ಆಡಿದ ‘ಬೂಸಾ’ ಎಂಬ ಮಾತಿನಿಂದ ಗಲಭೆ ಎದ್ದು, ದಲಿತ ವಿದ್ಯಾರ್ಥಿಗಳು ಹಲ್ಲೆಗೊಳಗಾದರು. ಸಚಿವರು ಪದವಿ ತ್ಯಜಿಸಬೇಕಾಯಿತು. ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದುದು ಇದರ ಹಿನ್ನೆಲೆಯಲ್ಲಿ. ಹೊಡೆದವರಲ್ಲಿಯೂ ಕಾಲೇಜು ವಿದ್ಯಾರ್ಥಿಗಳಿದ್ದರೆಂದು ತಿಳಿಸಿದಾಗ ತರಗತಿ ಮೌನವಾಗುತ್ತದೆ.

ಕಂಬಾಲಪಲ್ಲಿಯ ಪ್ರಕರಣ ಇನ್ನೂ ಕಠಿನವಾದುದು. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಆ ಗ್ರಾಮದಲ್ಲಿ ಏಳು ಮಂದಿ ದಲಿತರು ಸಜೀವವಾಗಿ ಸುಡಲ್ಪಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲರೂ ಬಿಡುಗಡೆ ಹೊಂದಿದರು, 2014ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಸ್ಥಿರೀಕರಿಸಿತು. “ಹಾಗಾದರೆ ಸುಟ್ಟವರು ಯಾರು, ಸಾರ್?” ಎಂದು ಪ್ರತಿವರ್ಷವೂ ಯಾರಾದರೊಬ್ಬರು ಕೇಳುತ್ತಾರೆ. ತೀರ್ಪು ಹೇಳುವುದು ಏನು ಸಿದ್ಧವಾಗಲಿಲ್ಲವೆಂಬುದನ್ನು, ಏನು ನಡೆಯಲಿಲ್ಲವೆಂಬುದನ್ನಲ್ಲ ಎಂದು ವಿವರಿಸಿ, ಸಾಕ್ಷಿಗಳೇಕೆ ತಿರುಗಿಬಿದ್ದಿರಬಹುದೆಂಬುದನ್ನು ಬರೆದು ತರಲು ಹೇಳುತ್ತೇವೆ. ಆ ಉತ್ತರಗಳಿಗೆ ಅಂಕ ಕೊಡುವುದಿಲ್ಲ.