ಸರ್ವೈಕಲ್ ಕಾಲರ್

ಸರ್ವೈಕಲ್ ಕಾಲರ್ ಅಥವಾ ಕುತ್ತಿಗೆ ಪಟ್ಟಿಯು ತಲೆಯ ಭಾರಕ್ಕೆ ಆಸರೆ ನೀಡಲು ಮತ್ತು ಕುತ್ತಿಗೆಯ ಚಲನೆಯನ್ನು ಮಿತಗೊಳಿಸಲು ಧರಿಸುವ ವೈದ್ಯಕೀಯ ಸಾಧನವಾಗಿದೆ. ಆಡುಮಾತಿನಲ್ಲಿ ಇದನ್ನು ಕುತ್ತಿಗೆ ಬೆಲ್ಟ್ ಎಂದೂ ಕರೆಯುತ್ತಾರೆ. ಕುತ್ತಿಗೆ ಹಾಗೂ ಬೆನ್ನಿನ ಮೇಲ್ಭಾಗದ ನೋವಿನಲ್ಲಿ ಇದು ತಾತ್ಕಾಲಿಕ ಉಪಶಮನ ನೀಡುತ್ತದೆ. ನೋವಿನ ಮೂಲ ಕಾರಣವನ್ನು ಗುಣಪಡಿಸುವುದಿಲ್ಲ.

ಹಿನ್ನೆಲೆ

ಮನುಷ್ಯನ ಕುತ್ತಿಗೆಯಲ್ಲಿ 7 ಕಶೇರುಕಗಳಿದ್ದು, 8 ಜೊತೆ ನರಗಳು ಇಲ್ಲಿ ಬೆನ್ನುಹುರಿಯಿಂದ ಹೊರಡುತ್ತವೆ. ವಯಸ್ಕರ ತಲೆಯ ತೂಕ ಸುಮಾರು 4.5ರಿಂದ 5 ಕಿಲೋಗ್ರಾಂ. ತಲೆಯನ್ನು ಮುಂದಕ್ಕೆ ಬಾಗಿಸಿದಷ್ಟೂ ಕುತ್ತಿಗೆಯ ಹಿಂಭಾಗದ ಸ್ನಾಯುಗಳ ಮೇಲಿನ ಹೊರೆ ಹೆಚ್ಚುತ್ತದೆ. ಟ್ರಪೀಸಿಯಸ್ ಸ್ನಾಯುವು ತಲೆಬುರುಡೆಯ ಹಿಂಭಾಗದಿಂದ ಹೆಗಲು ಮತ್ತು ಬೆನ್ನಿನ ನಡುಭಾಗದವರೆಗೆ ಹರಡಿರುವುದರಿಂದ, ಕುತ್ತಿಗೆಯ ಬಿಗಿತವು ಬೆನ್ನಿನ ಮೇಲ್ಭಾಗದಲ್ಲಿಯೂ ಅನುಭವಕ್ಕೆ ಬರುತ್ತದೆ.

ವಿಧಗಳು

* ಮೃದು ಕಾಲರ್: ಬಟ್ಟೆ ಹೊದಿಸಿದ ಫೋಮ್‌ನಿಂದ ಮಾಡಿದ್ದು, ಹಿಂಭಾಗದಲ್ಲಿ ವೆಲ್ಕ್ರೊ ಪಟ್ಟಿಯಿಂದ ಬಂಧಿಸಲಾಗುತ್ತದೆ. ಇದು ಚಲನೆಯನ್ನು ಅಲ್ಪಮಟ್ಟಿಗೆ ಮಾತ್ರ ತಡೆಯುತ್ತದೆ. ಕುತ್ತಿಗೆಗೆ ಬೆಚ್ಚಗಿನ ಅನುಭವ ನೀಡುವುದು ಮತ್ತು ತಲೆಯನ್ನು ಹಠಾತ್ತನೆ ತಿರುಗಿಸದಂತೆ ನೆನಪಿಸುವುದು ಇದರ ಮುಖ್ಯ ಪ್ರಯೋಜನ.
* ಗಟ್ಟಿ ಕಾಲರ್: ಪ್ಲಾಸ್ಟಿಕ್ ಆಧಾರವಿರುವ ಈ ಬಗೆಯು ಗದ್ದ, ತಲೆಯ ಹಿಂಭಾಗ ಮತ್ತು ಎದೆಯ ಮೇಲ್ಭಾಗಗಳ ಮೇಲೆ ಆತುಕೊಳ್ಳುತ್ತದೆ. ಎರಡು ಭಾಗಗಳಿರುವ ಫಿಲಡೆಲ್ಫಿಯಾ ಕಾಲರ್ ಇದಕ್ಕೆ ಉದಾಹರಣೆ. ಅಪಘಾತ, ಮೂಳೆಮುರಿತ ಹಾಗೂ ಶಸ್ತ್ರಚಿಕಿತ್ಸೆಯ ಸಂದರ್ಭಗಳಲ್ಲಿ ಬಳಕೆಯಾಗುತ್ತದೆ.

ಇವುಗಳಿಗಿಂತ ಹೆಚ್ಚಿನ ಸ್ಥಿರತೆ ಬೇಕಾದಾಗ ತಲೆಬುರುಡೆಗೆ ಪಿನ್‌ಗಳ ಮೂಲಕ ಜೋಡಿಸುವ ಹೇಲೋ ಸಾಧನವನ್ನು ಬಳಸಲಾಗುತ್ತದೆ. ಇದನ್ನು 1959ರಲ್ಲಿ ಅಮೆರಿಕದ ವೈದ್ಯರಾದ ಜಾಕ್ವೆಲಿನ್ ಪೆರ‍್ರಿ ಮತ್ತು ವರ್ನನ್ ನಿಕೆಲ್ ವಿವರಿಸಿದರು.

ಪರಿಣಾಮ ಮತ್ತು ಮಿತಿಗಳು

ಕಾಲರ್‌ನಿಂದ ಆಗುವ ಪ್ರಯೋಜನವು ನೋವಿನ ಕಾರಣ ಮತ್ತು ಬಳಕೆಯ ಅವಧಿಯನ್ನು ಅವಲಂಬಿಸಿದೆ. 2009ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ, ಕುತ್ತಿಗೆಯ ನರಮೂಲದ ಒತ್ತಡದಿಂದ ಇತ್ತೀಚೆಗೆ ತೋಳುನೋವು ಆರಂಭವಾಗಿದ್ದ 205 ರೋಗಿಗಳನ್ನು ಪರಿಶೀಲಿಸಲಾಯಿತು. 3ರಿಂದ 6 ವಾರ ಅರೆಗಟ್ಟಿ ಕಾಲರ್ ಧರಿಸಿ ವಿಶ್ರಾಂತಿ ಪಡೆದವರಲ್ಲಿ, ಹಾಗೆಯೇ ಭೌತಚಿಕಿತ್ಸೆ ಪಡೆದವರಲ್ಲಿ, ಯಾವ ಚಿಕಿತ್ಸೆಯನ್ನೂ ಪಡೆಯದೆ ಕಾದವರಿಗಿಂತ ನೋವು ಹೆಚ್ಚು ಕಡಿಮೆಯಾಗಿತ್ತು.

ಇದಕ್ಕೆ ವ್ಯತಿರಿಕ್ತವಾಗಿ, ವಾಹನ ಅಪಘಾತದಲ್ಲಿ ಕುತ್ತಿಗೆ ಉಳುಕಿದವರ ಕುರಿತು ಕೆನಡಾದ ಕ್ವಿಬೆಕ್ ಕಾರ್ಯಪಡೆಯು 1995ರಲ್ಲಿ ನೀಡಿದ ವರದಿಯು ದೀರ್ಘ ವಿಶ್ರಾಂತಿಯ ಬದಲು ಬೇಗನೆ ಚಲನೆ ಆರಂಭಿಸುವುದನ್ನು ಬೆಂಬಲಿಸಿತು. ಕುತ್ತಿಗೆಯನ್ನು ಬಹುಕಾಲ ಅಲುಗಿಸದಿದ್ದರೆ ಸ್ನಾಯುಗಳು ದುರ್ಬಲವಾಗಿ ಕೀಲುಗಳು ಬಿಗಿಯುತ್ತವೆ. ಕಾಲರ್ ತೆಗೆದೊಡನೆ ನೋವು ಮರಳುವುದರಿಂದ ಧರಿಸುವವರು ಅದರ ಮೇಲೆಯೇ ಅವಲಂಬಿತರಾಗಬಹುದು. ಆದುದರಿಂದ ಸಾಮಾನ್ಯ ಬಿಗಿತದಲ್ಲಿ ಇದನ್ನು ಅಲ್ಪಾವಧಿಗೆ ಬಳಸಿ, ಕ್ರಮೇಣ ಕಡಿಮೆ ಮಾಡುತ್ತಾ ಸೂಕ್ತ ವ್ಯಾಯಾಮ ಆರಂಭಿಸುವುದು ರೂಢಿಯಲ್ಲಿದೆ.

ಗಟ್ಟಿ ಕಾಲರ್‌ನ ದೀರ್ಘ ಬಳಕೆಯಿಂದ ಗದ್ದ ಮತ್ತು ತಲೆಯ ಹಿಂಭಾಗದ ಚರ್ಮದಲ್ಲಿ ಒತ್ತಡದ ಹುಣ್ಣುಗಳಾಗಬಹುದು.

ಧರಿಸುವ ಕ್ರಮ

ನೇರವಾಗಿ ಕುಳಿತು, ಗದ್ದವನ್ನು ಮೇಲೆತ್ತದೆ ಕಾಲರ್ ಧರಿಸಬೇಕು. ಅದರ ಎತ್ತರ ಅತಿಯಾದರೆ ಕುತ್ತಿಗೆ ಹಿಂದಕ್ಕೆ ಬಾಗಿ, ನರಗಳು ಹೊರಬರುವ ರಂಧ್ರಗಳು ಕಿರಿದಾಗುತ್ತವೆ. ಇದರಿಂದ ತೋಳಿನ ನೋವು ಹೆಚ್ಚಬಹುದು. ನುಂಗಲು ಅಥವಾ ಉಸಿರಾಡಲು ಅಡ್ಡಿಯಾಗುವಷ್ಟು ಬಿಗಿಯಾಗಿರಬಾರದು. ಕಾಲರ್ ಧರಿಸಿದಾಗ ಅಕ್ಕಪಕ್ಕ ಮತ್ತು ಕಾಲಬುಡದ ನೋಟ ಸೀಮಿತವಾಗುವುದರಿಂದ ವಾಹನ ಚಾಲನೆ ಅಪಾಯಕರ. ಮೆಟ್ಟಿಲು ಇಳಿಯುವಾಗಲೂ ಎಚ್ಚರ ಅಗತ್ಯ.

ವೈದ್ಯಕೀಯ ನೆರವು ಅಗತ್ಯವಾದ ಸಂದರ್ಭಗಳು

ಕೈಕಾಲುಗಳಲ್ಲಿ ಬಲಹೀನತೆ ಅಥವಾ ಮರಗಟ್ಟುವಿಕೆ, ನಡಿಗೆಯಲ್ಲಿ ತೂರಾಟ, ಮಲಮೂತ್ರ ನಿಯಂತ್ರಣದಲ್ಲಿ ತೊಂದರೆ, ಜ್ವರದೊಂದಿಗೆ ಕುತ್ತಿಗೆ ಸೆಟೆದುಕೊಳ್ಳುವುದು ಹಾಗೂ ಬಿದ್ದ ಅಥವಾ ಅಪಘಾತದ ನಂತರದ ನೋವು ಗಂಭೀರ ಲಕ್ಷಣಗಳಾಗಿವೆ. ಇಂತಹ ಸಂದರ್ಭಗಳಲ್ಲಿ ಅಂಗಡಿಯಿಂದ ಕಾಲರ್ ತಂದು ಧರಿಸಿ ಕಾಯುವುದು ರೋಗನಿರ್ಣಯವನ್ನು ವಿಳಂಬಗೊಳಿಸುತ್ತದೆ. ಕೂಡಲೇ ವೈದ್ಯರನ್ನು ಕಾಣಬೇಕು.