ಪೋರ್ಟ್ ಎಗ್ಮಾಂಟ್ ಆಕ್ರಮಣ (1770)

ಪೋರ್ಟ್ ಎಗ್ಮಾಂಟ್ ಆಕ್ರಮಣವು ದಕ್ಷಿಣ ಅಟ್ಲಾಂಟಿಕ್ ಸಾಗರದ ಫಾಕ್ಲೆಂಡ್ ದ್ವೀಪಗಳಲ್ಲಿದ್ದ ಬ್ರಿಟಿಷ್ ನೆಲೆಯ ಮೇಲೆ 1770ರ ಜೂನ್‌ನಲ್ಲಿ ಸ್ಪೇನ್ ನಡೆಸಿದ ನೌಕಾ ಕಾರ್ಯಾಚರಣೆಯಾಗಿದೆ. ಇದು ಎರಡೂ ದೇಶಗಳ ನಡುವೆ ಯುದ್ಧಭೀತಿಯನ್ನು ಉಂಟುಮಾಡಿತು.

ಹಿನ್ನೆಲೆ

ಫ್ರೆಂಚ್ ನಾವಿಕ ಬೂಗನ್‌ವಿಲ್ 1764ರಲ್ಲಿ ಪೂರ್ವ ಫಾಕ್ಲೆಂಡ್‌ನಲ್ಲಿ ಸ್ಥಾಪಿಸಿದ ವಸಾಹತು 1767ರಲ್ಲಿ ಸ್ಪೇನಿಗೆ ಹಸ್ತಾಂತರವಾಯಿತು. ಅಷ್ಟರೊಳಗೆ, 1766ರಲ್ಲಿ, ಬ್ರಿಟಿಷರು ಪಶ್ಚಿಮ ಭಾಗದ ಸಾಂಡರ್ಸ್ ದ್ವೀಪದಲ್ಲಿ ಪೋರ್ಟ್ ಎಗ್ಮಾಂಟ್ ನೆಲೆಯನ್ನು ಕಟ್ಟಿದ್ದರು. ದ್ವೀಪಗಳೆಲ್ಲವೂ ತನ್ನವೆಂಬುದು ಸ್ಪೇನಿನ ವಾದವಾಗಿತ್ತು.

ಆಕ್ರಮಣ

ಬ್ಯೂನಸ್ ಐರಿಸ್‌ನ ಗವರ್ನರ್ ಫ್ರಾನ್ಸಿಸ್ಕೊ ಬುಕರೆಲಿ, ಹುವಾನ್ ಇಗ್ನಾಸಿಯೊ ಡಿ ಮದರಿಯಾಗನ ನೇತೃತ್ವದಲ್ಲಿ ಐದು ಯುದ್ಧನೌಕೆಗಳನ್ನೂ ಸುಮಾರು 1,400 ಸೈನಿಕರನ್ನೂ ಕಳುಹಿಸಿದನು. ಸಣ್ಣ ಬ್ರಿಟಿಷ್ ಕಾವಲು ಪಡೆಯು ಅಲ್ಪ ಪ್ರತಿರೋಧದ ನಂತರ ಜೂನ್ 10ರಂದು ಶರಣಾಯಿತು.

ಪರಿಣಾಮ

ಸುದ್ದಿ ತಲುಪಿದೊಡನೆ ಬ್ರಿಟನ್ ನೌಕಾಪಡೆಯನ್ನು ಸಜ್ಜುಗೊಳಿಸಿತು. ಸ್ಪೇನ್ ತನ್ನ ಮಿತ್ರದೇಶ ಫ್ರಾನ್ಸಿನ ನೆರವನ್ನು ನಿರೀಕ್ಷಿಸಿತ್ತು. ಆದರೆ ಹದಿನೈದನೇ ಲೂಯಿ ಯುದ್ಧಕ್ಕೆ ಒಪ್ಪಲಿಲ್ಲ. ಒಂಟಿಯಾದ ಸ್ಪೇನ್ 1771ರ ಜನವರಿ 22ರ ಒಪ್ಪಂದದಂತೆ ನೆಲೆಯನ್ನು ಹಿಂದಿರುಗಿಸಿತಾದರೂ ಸಾರ್ವಭೌಮತ್ವದ ಹಕ್ಕನ್ನು ಬಿಟ್ಟುಕೊಡಲಿಲ್ಲ. ವೆಚ್ಚ ತಗ್ಗಿಸಲು 1774ರಲ್ಲಿ ಅಲ್ಲಿಂದ ತೆರಳಿದ ಬ್ರಿಟಿಷರು ತಮ್ಮ ಒಡೆತನವನ್ನು ಸಾರುವ ಸೀಸದ ಫಲಕವನ್ನು ಬಿಟ್ಟುಹೋದರು. ಹೀಗೆ ಇತ್ಯರ್ಥವಾಗದೆ ಉಳಿದ ಒಡೆತನದ ಪ್ರಶ್ನೆಯೇ ಮುಂದೆ 1982ರಲ್ಲಿ ಅರ್ಜೆಂಟೀನಾ ಮತ್ತು ಬ್ರಿಟನ್ ನಡುವಿನ ಯುದ್ಧಕ್ಕೂ ಮೂಲವಾಯಿತು.