ಹರಿವಿನಲ್ಲಿ ಸಿಕ್ಕ ಸರಪಳಿಯ ಉದ್ದ

ರಬ್ಬರು, ಸೆಲ್ಯುಲೋಸುಗಳೆಲ್ಲ ಚಿಕ್ಕ ಅಣುಗಳು ಒತ್ತಟ್ಟಿಗೆ ಸೇರಿ ಆದ ಮುದ್ದೆಗಳೆಂದೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೆಚ್ಚಿನ ರಸಾಯನವಿಜ್ಞಾನಿಗಳು ನಂಬಿದ್ದರು. ಅವು ಕೊಂಡಿಗೆ ಕೊಂಡಿ ಬೆಸೆದ ಉದ್ದನೆಯ ಸರಪಳಿಗಳು ಎಂದು ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಬರೆದಾಗ ಒಪ್ಪಿದವರು ವಿರಳ. ಅಷ್ಟು ದೊಡ್ಡ ಅಣುಗಳ ಕಲ್ಪನೆಯನ್ನು ಬಿಟ್ಟುಬಿಡಿ ಎಂದು ಹೈನ್‌ರಿಚ್ ವೀಲಾಂಡ್‌ರಂಥ ಹಿರಿಯರೇ ಬುದ್ಧಿ ಹೇಳಿದ್ದರು.

ವಾದ ನಿಲ್ಲಬೇಕಾದರೆ ಸರಪಳಿಯ ಉದ್ದವನ್ನು ಅಳೆದು ತೋರಿಸಬೇಕಿತ್ತು. ಸ್ವೀಡನ್ನಿನ ಸ್ವೆಡ್‌ಬೆರಿ ಕಟ್ಟಿದ್ದ ಅತಿವೇಗದ ಸೆಂಟ್ರಿಫ್ಯೂಜ್ ತುಂಬಾ ದುಬಾರಿ. ಜರ್ಮನಿಯ ಫ್ರೈಬುರ್ಗ್‌ನಲ್ಲಿದ್ದ ಸ್ಟೌಡಿಂಗರ್ ನೆಚ್ಚಿಕೊಂಡದ್ದು ಒಂದು ಗಾಜಿನ ಕೊಳವೆಯನ್ನು.

ಅದು ದ್ರವದ ಸ್ನಿಗ್ಧತೆಯನ್ನು ಅಳೆಯುವ, ಯು ಆಕಾರದ ವಿಸ್ಕೋಮೀಟರ್. ಒಂದು ತೋಳಿನಲ್ಲಿ ಪುಟ್ಟ ಬುರುಡೆ, ಅದರ ಮೇಲೊಂದು ಕೆಳಗೊಂದು ಗೆರೆ, ಕೆಳಗೆ ಕೂದಲೆಳೆಯಂಥ ಸಣ್ಣ ರಂಧ್ರ. ಕೊಳವೆಯನ್ನು ಹದವಾದ ಬಿಸಿಯ ನೀರಿನಲ್ಲಿ ಮುಳುಗಿಸಿಡುತ್ತಾರೆ. ಉಷ್ಣತೆ ತುಸು ಏರುಪೇರಾದರೂ ಲೆಕ್ಕ ಕೆಡುತ್ತದೆ. ದ್ರವವನ್ನು ಮೇಲಕ್ಕೆ ಹೀರಿ ಬಿಟ್ಟು, ಮಟ್ಟವು ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯಲು ಹಿಡಿದ ಸೆಕೆಂಡುಗಳನ್ನು ಎಣಿಸಬೇಕು. ಮೊದಲು ಬರಿಯ ದ್ರಾವಕ, ಆಮೇಲೆ ಚಿಟಿಕೆ ಪಾಲಿಮರ್, ಅಂದರೆ ಸರಪಳಿ ಅಣುಗಳ ವಸ್ತು, ಕರಗಿಸಿದ ದ್ರಾವಣ. ದ್ರಾವಕಕ್ಕೆ 100 ಸೆಕೆಂಡು, ದ್ರಾವಣಕ್ಕೆ 130 ಹಿಡಿದರೆ, ಹೆಚ್ಚಿನ ಆ 30 ಸೆಕೆಂಡು ಸರಪಳಿಗಳು ಒಡ್ಡಿದ ತಡೆಯ ಗುರುತು. ಕರಗಿಸಿದ ಪಾಲಿಮರ್‌ನ ತೂಕ ಒಂದೇ ಆಗಿದ್ದರೂ, ಸರಪಳಿ ಉದ್ದವಾದಷ್ಟೂ ತಡೆ ಹೆಚ್ಚು.

ಈ ಹೆಚ್ಚಳ ಅಣುತೂಕಕ್ಕೆ ನೇರ ಅನುಪಾತದಲ್ಲಿರುತ್ತದೆ ಎಂಬುದು ಸ್ಟೌಡಿಂಗರ್ 1930ರಲ್ಲಿ ಹೇಳಿದ ನಿಯಮ. ಅದು ಪೂರ್ತಿ ಸರಿಯಲ್ಲ. ಸರಪಳಿಗಳು ಕೋಲಿನಂತೆ ಸೆಟೆದು ನಿಂತಿರುತ್ತವೆ ಎಂದು ಅವರು ಎಣಿಸಿದ್ದರು. ಅವು ನೂಲಿನ ಉಂಡೆಯಂತೆ ಸಡಿಲವಾಗಿ ಸುರುಳಿಗೊಂಡಿರುತ್ತವೆಂದು ವರ್ನರ್ ಕುನ್ ತೋರಿಸಿದರು. ಮಾರ್ಕ್ 1938ರಲ್ಲಿ, ಹೌವಿಂಕ್ 1940ರಲ್ಲಿ ಸೂತ್ರ ತಿದ್ದಿದರು. ಅದರಂತೆ ಅಣುತೂಕಕ್ಕೆ ಒಂದು ಘಾತಾಂಕ ಹಚ್ಚಬೇಕು. ಸುರುಳಿ ಸರಪಳಿಗಳಿಗೆ ಅದು ಸಾಮಾನ್ಯವಾಗಿ 0.5ರಿಂದ 0.8. ಪ್ರತಿ ಪಾಲಿಮರ್ ಮತ್ತು ದ್ರಾವಕದ ಜೋಡಿಗೂ ಈ ಸಂಖ್ಯೆಯನ್ನು ಬೇರೆ ವಿಧಾನದಿಂದ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಸಿಗುವುದೂ ಸರಾಸರಿಯೇ, ಏಕೆಂದರೆ ಒಂದೇ ಮಾದರಿಯಲ್ಲಿ ಗಿಡ್ಡ, ಉದ್ದ ಸರಪಳಿಗಳೆಲ್ಲ ಬೆರೆತಿರುತ್ತವೆ. ಆದರೂ ಆ ತಪ್ಪು ನಿಯಮವೇ ದೊಡ್ಡ ಅಣುಗಳಿವೆ ಎಂಬ ಸರಿಯಾದ ಮಾತನ್ನು ಎತ್ತಿ ಹಿಡಿಯಿತು. 1953ರಲ್ಲಿ ಸ್ಟೌಡಿಂಗರ್‌ಗೆ ನೊಬೆಲ್ ಬಂತು.

ಕಾರ್ಖಾನೆಗಳು ಅಷ್ಟು ಹೊತ್ತು ಕಾಯಲಿಲ್ಲ. 1932ರಲ್ಲೇ ಫಿಕೆಂಟ್‌ಶರ್ ಇದೇ ಬಗೆಯ ಅಳತೆಯಿಂದ, ಸರಪಳಿಯ ಉದ್ದವನ್ನು ಸೂಚಿಸುವ ಕೆ-ಮೌಲ್ಯವೆಂಬ ಸಂಖ್ಯೆಯನ್ನು ರೂಪಿಸಿದರು. ಪೈಪು ತಯಾರಿಸುವವರು ಇಂದಿಗೂ ಪಿವಿಸಿ ಪುಡಿಯನ್ನು ಕೆ-67 ಎಂದೇ ಕೇಳಿ ಕೊಳ್ಳುತ್ತಾರೆ.